ಚಾಲಕರ ಕೈಯಲ್ಲಿ ಫೋನ್: ಗಾಡಿ ಹೊರಡುವ ಮೊದಲೇ ಆಗಬೇಕಾದ ಏರ್ಪಾಡು

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಕಡೆಯವರು. ನಮ್ಮಲ್ಲಿ ಅಡಿಕೆ, ಗೊಬ್ಬರ, ಕಿರಾಣಿ ಸಾಮಾನು ಸಾಗಿಸುವ ಎರಡು ಪಿಕಪ್‌ಗಳೂ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಒಂದು ವ್ಯಾನೂ ಇವೆ. ಚಾಲಕರು ಗಾಡಿ ಓಡಿಸುತ್ತಲೇ ವಾಟ್ಸ್ಆ್ಯಪ್ ನೋಡುತ್ತಾರೆ, ಉತ್ತರವನ್ನೂ ಬರೆಯುತ್ತಾರೆ. ಎಷ್ಟು ಹೇಳಿದರೂ ವಾರದ ಮಟ್ಟಿಗೆ ಸರಿಯಾಗಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಫೋನ್ ತೆಗೆದಿಟ್ಟುಕೊಳ್ಳೋಣವೆಂದರೆ ಬಾಡಿಗೆಯ ಕೆಲಸ ನಡೆಯುವುದಿಲ್ಲ. ಗಾಡಿಯೊಳಗೆ ಜಾಮರ್ ಹಾಕಿಸಬಹುದೇ? ಚಲಿಸುವಾಗ ಮೆಸೇಜ್ ತಡೆಯುವ ಆ್ಯಪ್ ಇದೆಯೇ? ಶಿವಮೊಗ್ಗದಲ್ಲಿ ಬೈಕಿನಲ್ಲಿ ಕಾಲೇಜಿಗೆ ಓಡಾಡುವ ಮಗನ ಬಗ್ಗೆಯೂ ಇದೇ ಚಿಂತೆ.

ಉತ್ತರ: ಮೊದಲು ಜಾಮರ್ ವಿಷಯವನ್ನು ಮುಗಿಸುತ್ತೇನೆ. ಅದು ಬೇಡ. ಮೊಬೈಲ್ ಸಿಗ್ನಲ್ ತಡೆಯುವ ಜಾಮರನ್ನು ಖಾಸಗಿಯವರು ಬಳಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಕೇಂದ್ರ ಸರ್ಕಾರದ ನಿರ್ದಿಷ್ಟ ಅನುಮತಿ ಪಡೆದವರಿಗೆ ಮಾತ್ರ ಅದಕ್ಕೆ ಅವಕಾಶವಿದೆ ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ಮಳೆಗಾಲದ ಸಂಜೆ ಮರ ಬಿದ್ದು ದಾರಿ ಕಟ್ಟಿದಾಗಲೋ ಗಾಡಿ ಚರಂಡಿಗೆ ಇಳಿದಾಗಲೋ 112ಕ್ಕೆ ಕರೆ ಹೋಗದಂತೆ ನಾವೇ ಬಾಗಿಲು ಹಾಕಿಕೊಂಡಂತಾಗುತ್ತದೆ. ಆ್ಯಪ್‌ಗಳು ಇವೆ, ಅವುಗಳಿಂದ ಉಪಯೋಗವೂ ಇದೆ, ಅದನ್ನು ಮುಂದೆ ಬರೆದಿದ್ದೇನೆ. ಆದರೆ ಚಾಲಕರಿಗೆ ಹೇಳಿದ ಮಾತು ವಾರದಲ್ಲೇ ಕರಗಿಹೋಗುತ್ತಿದೆ ಎಂದು ನೀವು ಬರೆದಿರುವುದಕ್ಕೆ ಬೇರೆ ಕಾರಣವಿದೆ ಎಂಬುದು ನನ್ನ ಅಭಿಪ್ರಾಯ. ಅವರು ನಿಮ್ಮ ಮಾತನ್ನು ಅಸಡ್ಡೆ ಮಾಡುತ್ತಿದ್ದಾರೆ ಎನ್ನುವುದಕ್ಕಿಂತ, ಓಡುವ ಗಾಡಿಗೆ ಸಂದೇಶ ಬರುವ ವ್ಯವಸ್ಥೆಯೂ ಅದಕ್ಕೆ ಉತ್ತರ ಕಾಯುವವರೂ ಇದ್ದ ಹಾಗೆಯೇ ಇದ್ದಾರೆ. ಆ ವ್ಯವಸ್ಥೆ ಬದಲಾಗದೆ ಚಾಲಕರೊಬ್ಬರನ್ನೇ ಬದಲಾಯಿಸಲು ಹೊರಟರೆ ಫಲ ಬಹುಕಾಲ ನಿಲ್ಲುವುದಿಲ್ಲ.

ಅಪಾಯ ಎಷ್ಟು ದೊಡ್ಡದೆಂಬುದನ್ನು ಚಾಲಕರಿಗೆ ಅಂಕಿಗಳಲ್ಲಿ, ಅವರು ದಿನವೂ ಓಡಿಸುವ ರಸ್ತೆಯ ಮೇಲೆ ತೋರಿಸಬೇಕು. ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯವರು ಲಾರಿಗಳೊಳಗೆ ಕ್ಯಾಮೆರಾ ಇಟ್ಟು ನಿಜವಾದ ಸಂಚಾರವನ್ನೇ ಗಮನಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸಂದೇಶ ಬರೆಯುತ್ತಿರುವ ಲಾರಿ ಚಾಲಕರಿಗೆ ಅಪಘಾತವಾಗುವ ಅಥವಾ ಕೂದಲೆಳೆಯಲ್ಲಿ ತಪ್ಪುವ ಸಂಭವ ಬರಿಯ ಚಾಲನೆಗಿಂತ ಸುಮಾರು 23 ಪಟ್ಟು ಹೆಚ್ಚಿತ್ತು. ಅಂಥ ಘಟನೆಗಳಲ್ಲಿ ಆರು ಸೆಕೆಂಡಿನ ಅವಧಿಯಲ್ಲಿ ಸರಾಸರಿ 4.6 ಸೆಕೆಂಡ್ ಚಾಲಕರ ಕಣ್ಣು ರಸ್ತೆಯ ಮೇಲೆ ಇರಲೇ ಇಲ್ಲ. ಈ 4.6 ಸೆಕೆಂಡನ್ನು ನಮ್ಮ ದಾರಿಗೆ ತನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಆ ಹೊತ್ತಿನಲ್ಲಿ 51 ಮೀಟರ್ ಸಾಗಿರುತ್ತದೆ, 60ರ ವೇಗದಲ್ಲಿ 77 ಮೀಟರ್. ತೀರ್ಥಹಳ್ಳಿಯಿಂದ ಮಂಡಗದ್ದೆಯ ಕಡೆಗೆ ತುಂಗೆಯ ಪಕ್ಕದಲ್ಲೇ ಬರುವ ರಸ್ತೆಯಲ್ಲಾಗಲಿ, ಹುಲಿಕಲ್ ಅಥವಾ ಆಗುಂಬೆಯ ಘಾಟಿಯಲ್ಲಾಗಲಿ, ಎಷ್ಟೋ ತಿರುವುಗಳಲ್ಲಿ 51 ಮೀಟರ್ ಮುಂದಿನ ರಸ್ತೆ ಕಣ್ಣಿಗೆ ಕಾಣುವುದೇ ಇಲ್ಲ. ಎದುರಿನಿಂದ ಬರುವ ನಾಟಾ ಲಾರಿಯೂ 40ರ ವೇಗದಲ್ಲಿದ್ದರೆ ಅದೇ ಅವಧಿಯಲ್ಲಿ ಎರಡರ ನಡುವಿನ ಅಂತರ ನೂರು ಮೀಟರಿಗೂ ಹೆಚ್ಚು ಕಡಿಮೆಯಾಗಿರುತ್ತದೆ.

ಇದರ ಮೇಲೆ ಬ್ರೇಕಿನ ಲೆಕ್ಕ ಸೇರಬೇಕು. ಎದುರಿಗೆ ಏನೋ ಇದೆ ಎಂದು ಕಂಡು, ಅದು ಏನೆಂದು ತಿಳಿದು, ಕಾಲು ಬ್ರೇಕ್ ಒತ್ತುವ ಹೊತ್ತಿಗೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಕಳೆಯುತ್ತದೆ. 60ರ ವೇಗದಲ್ಲಿ ಅದೇ 25 ಮೀಟರ್. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಒಣ ಡಾಂಬರಿನ ಮೇಲೆ ಇನ್ನೊಂದು 20 ಮೀಟರ್ ಬೇಕಾದರೆ, ಒದ್ದೆ ರಸ್ತೆಯಲ್ಲಿ 35 ಮೀಟರಿನ ಆಸುಪಾಸು ಬೇಕಾಗುತ್ತದೆ, ಹೇರು ತುಂಬಿದ ಪಿಕಪ್ ಇಳಿಜಾರಿನಲ್ಲಿದ್ದರೆ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆಗಳು ಒಣಗುವುದೇ ಅಪರೂಪ. ಕೊಡೆ ಹಿಡಿದು ರಸ್ತೆಯಂಚಿನಲ್ಲೇ ನಡೆದು ಹೋಗುವ ಶಾಲೆಯ ಮಕ್ಕಳು, ಡಾಂಬರಿನ ಮೇಲೆ ಮಲಗಿದ ದನಗಳು, ಮುಸ್ಸಂಜೆಯಲ್ಲಿ ದಾಟುವ ಕಾಡುಕೋಣ, ಇವೆಲ್ಲ ಇಲ್ಲಿ ದಿನನಿತ್ಯದ ಸಂಗತಿಗಳು. ಒಂದು ಸಂದೇಶ ಓದಿ ತಲೆಯೆತ್ತುವಷ್ಟರಲ್ಲಿ ಇವುಗಳಲ್ಲಿ ಯಾವುದಾದರೂ ಎದುರಿಗಿದ್ದರೆ ಎಂಥ ಅನುಭವಿ ಚಾಲಕರಿಗೂ ಮಾಡಲು ಏನೂ ಉಳಿದಿರುವುದಿಲ್ಲ. ಇಪ್ಪತ್ತು ವರ್ಷದ ಅನುಭವ ಕೈಕಾಲುಗಳಿಗೆ ಬರುತ್ತದೆಯೇ ಹೊರತು, ರಸ್ತೆ ನೋಡದ ಕಣ್ಣಿಗೆ ಅದರಿಂದ ಪ್ರಯೋಜನವಿಲ್ಲ.

ಮಲೆನಾಡಿಗೇ ವಿಶೇಷವಾದ ಇನ್ನೊಂದು ಸಂಗತಿಯಿದೆ, ಇದನ್ನು ನಗರದವರು ಬರೆದ ಸಲಹೆಗಳಲ್ಲಿ ನೀವು ಕಾಣುವುದಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಸಿಗುವುದಿಲ್ಲ. ಕಾಡಿನ ನಡುವೆ, ಕಣಿವೆಯೊಳಗೆ ಫೋನ್ ಸುಮ್ಮನಿರುತ್ತದೆ. ಗಾಡಿ ಏರು ಹತ್ತಿ ಗುಡ್ಡದ ನೆತ್ತಿಗೆ ಬಂದ ಕೂಡಲೇ ಅಲ್ಲಿಯವರೆಗೆ ಬಾಕಿ ಇದ್ದ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಆ ನೆತ್ತಿಯಲ್ಲೇ ಸಾಮಾನ್ಯವಾಗಿ ತಿರುವು ಇರುತ್ತದೆ, ಅದರಾಚೆ ಇಳಿಜಾರು ಶುರುವಾಗುತ್ತದೆ, ಮಂಜು ಕವಿಯುವುದೂ ಅಲ್ಲೇ. ನಿತ್ಯ ಓಡಾಡುವ ಚಾಲಕರಿಗೆ ಸಿಗ್ನಲ್ ಸಿಗುವ ಜಾಗಗಳು ಬಾಯಿಪಾಠವಾಗಿರುತ್ತವೆ; ಆ ಜಾಗ ಸಮೀಪಿಸುತ್ತಿದ್ದಂತೆಯೇ ಕೈ ತಾನಾಗಿ ಫೋನಿನ ಕಡೆಗೆ ಹೋಗುತ್ತದೆ, ಏಕೆಂದರೆ ಮುಂದಿನ ಕಣಿವೆಗೆ ಇಳಿಯುವುದರೊಳಗೆ ಓದಬೇಕು, ಉತ್ತರಿಸಬೇಕು. ಹೀಗೆ ಅತ್ಯಂತ ಎಚ್ಚರ ಬೇಕಾದ ಕಡೆಯಲ್ಲೇ ಅತ್ಯಂತ ಅವಸರವೂ ಹುಟ್ಟುತ್ತದೆ. ನೀವು ಮಾಡಬೇಕಾದ ಏರ್ಪಾಡಿನ ಕೇಂದ್ರ ಇದೇ ಎಂದು ನಾನು ಭಾವಿಸುತ್ತೇನೆ.

ಬರೆಯುವ ಬದಲು ಮಾತಿನಲ್ಲೇ ವಾಯ್ಸ್ ಮೆಸೇಜ್ ಕಳಿಸಿದರೆ, ಅಥವಾ ಬ್ಲೂಟೂತ್ ಹಾಕಿಕೊಂಡು ಮಾತಾಡಿದರೆ ತೊಂದರೆಯಿಲ್ಲವಲ್ಲ ಎಂದು ಚಾಲಕರು ಕೇಳುತ್ತಾರೆ. ಕೈಯೂ ಕಣ್ಣೂ ಬಿಡುವಾದ ಮಾತ್ರಕ್ಕೆ ಮನಸ್ಸು ಬಿಡುವಾಗುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿಗಳು ಈ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಫೋನಿನಲ್ಲಿ ಮಾತಾಡುತ್ತಿರುವ ಚಾಲಕರು ತಾವು ನೇರವಾಗಿ ದೃಷ್ಟಿಯಿಟ್ಟಿದ್ದ ವಸ್ತುವನ್ನೂ ಗ್ರಹಿಸದೆ ಹೋಗುವುದನ್ನು ಅವರು ತೋರಿಸಿದರು. 2015ರಲ್ಲಿ ಅದೇ ತಂಡ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಮಾತಿನ ಆಜ್ಞೆಯಿಂದ ಕೆಲಸ ಮಾಡುವ ಉಪಕರಣವನ್ನು ಬಳಸಿ ಮುಗಿಸಿದ ಮೇಲೂ ಗಮನ ಪೂರ್ತಿಯಾಗಿ ರಸ್ತೆಗೆ ಮರಳಲು 27 ಸೆಕೆಂಡಿನವರೆಗೆ ಹಿಡಿದದ್ದು ಕಂಡುಬಂತು. 40ರ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 300 ಮೀಟರ್ ಹೋಗಿರುತ್ತದೆ. ಆದ್ದರಿಂದ ವಾಯ್ಸ್ ಮೆಸೇಜನ್ನು ಪರಿಹಾರವೆಂದು ಒಪ್ಪಬೇಡಿ. ತುರ್ತು ಕರೆ ಬಂದರೆ ಎತ್ತಿ, ‘ನಿಲ್ಲಿಸಿ ಮಾಡುತ್ತೇನೆ’ ಎಂದಷ್ಟೇ ಹೇಳಿ ಇಡುವುದಕ್ಕೆ ಮಾತ್ರ ಬ್ಲೂಟೂತ್ ಇರಲಿ.

ಕಾನೂನಿನ ಮಾತನ್ನೂ ತಿಳಿದಿರಬೇಕು, ಏಕೆಂದರೆ ಮಾಲೀಕರಾದ ನಿಮಗೂ ಅದು ತಟ್ಟುತ್ತದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂಗೆ 2019ರಲ್ಲಿ ಆದ ತಿದ್ದುಪಡಿಯಿಂದ, ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಉಪಕರಣ ಬಳಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಸೆರೆವಾಸ ಎರಡು ವರ್ಷದವರೆಗೆ, ದಂಡ 10,000 ರೂಪಾಯಿಗೆ ಏರಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು ದಾರಿ ತೋರಿಸುವ ಉದ್ದೇಶಕ್ಕೆ ಮಾತ್ರ, ಅದೂ ಚಾಲಕರ ಏಕಾಗ್ರತೆ ಕೆಡದ ರೀತಿಯಲ್ಲಿ, ಫೋನ್ ಬಳಸಲು ಒಪ್ಪುತ್ತದೆ. ಚಲಿಸುವಾಗ ಮೊಬೈಲ್ ಬಳಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಚಾಲಕರಿಗೆ ದಂಡಕ್ಕಿಂತ ಇದು ದೊಡ್ಡ ಪೆಟ್ಟು, ಮೂರು ತಿಂಗಳ ದುಡಿಮೆಯೇ ಹೋಗುತ್ತದೆ. ಇನ್ನು ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಂತೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಹಿಂದಿನ ದಂಡಸಂಹಿತೆಯಲ್ಲಿ ಇದು ಎರಡು ವರ್ಷದವರೆಗೆ ಇತ್ತು. ಕೆಲಸದ ಮೇಲಿದ್ದ ಚಾಲಕರ ನಿರ್ಲಕ್ಷ್ಯಕ್ಕೆ ಪರಿಹಾರ ಕೊಡುವ ಹೊಣೆ ವಾಹನದ ಮಾಲೀಕರ ಮೇಲೂ ಬರುತ್ತದೆ.

ಆದರೆ ಕಾನೂನಿನ ಹೆದರಿಕೆಯೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಅನುಭವವಿದೆ. ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಸಂದೇಶ ಬರೆಯುವುದನ್ನು ನಿಷೇಧಿಸಿದ ಮೇಲಿನ ವಿಮಾ ದಾಖಲೆಗಳನ್ನು 2010ರಲ್ಲಿ ಪರಿಶೀಲಿಸಿದವರಿಗೆ ಅಪಘಾತಗಳು ಕಡಿಮೆಯಾದದ್ದು ಕಾಣಲಿಲ್ಲ. ಪೊಲೀಸರ ಕಣ್ಣು ತಪ್ಪಿಸಲು ಚಾಲಕರು ಫೋನನ್ನು ಇನ್ನೂ ಕೆಳಗೆ, ತೊಡೆಯ ಮೇಲೆ ಹಿಡಿದು ನೋಡತೊಡಗಿರಬಹುದು, ಆಗ ಕಣ್ಣು ರಸ್ತೆಯಿಂದ ಇನ್ನಷ್ಟು ದೂರವಾಗುತ್ತದೆ ಎಂದು ಅವರು ಊಹಿಸಿದರು. ಅದೇ ದೇಶದ ಸಿರಾಕ್ಯೂಸ್ ಮತ್ತು ಹಾರ್ಟ್‌ಫರ್ಡ್ ನಗರಗಳಲ್ಲಿ 2010–11ರಲ್ಲಿ ಸತತವಾದ ಪ್ರಚಾರವನ್ನೂ ಕಣ್ಣಿಗೆ ಕಾಣುವಂಥ ಪೊಲೀಸ್ ತಪಾಸಣೆಯನ್ನೂ ಒಟ್ಟಿಗೆ ನಡೆಸಿದಾಗ, ಚಲಿಸುವಾಗ ಸಂದೇಶ ಬರೆಯುವವರ ಪ್ರಮಾಣ ಮೊದಲನೆಯದರಲ್ಲಿ ಮೂರನೇ ಒಂದರಷ್ಟು, ಎರಡನೆಯದರಲ್ಲಿ ಮುಕ್ಕಾಲಿನ ಹತ್ತಿರ ಇಳಿಯಿತು. ಸಿಕ್ಕಿಬೀಳುವುದು ಖಚಿತ ಎನಿಸಿದ ಕಡೆ ನಿಯಮ ನಡೆಯಿತು. ಶಿವಮೊಗ್ಗ ಪೇಟೆಯೊಳಗೆ ಕ್ಯಾಮೆರಾ, ಪೊಲೀಸರು ಇರುತ್ತಾರೆ. ಗಾಜನೂರು ದಾಟಿದ ಮೇಲಿನ ಕಾಡುದಾರಿಯಲ್ಲಿ ಆ ಕಾವಲನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ನಿಮ್ಮ ಸ್ವಂತ ಏರ್ಪಾಡೇ ನಡೆಯಬೇಕು.

ಆ ಏರ್ಪಾಡು ನಿಮ್ಮಿಂದಲೇ ಆರಂಭವಾಗಬೇಕೆಂದು ವಿನಂತಿಸುತ್ತೇನೆ. ಒಂದು ವಾರದ ಮಟ್ಟಿಗೆ ಚಾಲಕರ ಒಪ್ಪಿಗೆ ಪಡೆದು, ಗಾಡಿ ದಾರಿಯಲ್ಲಿದ್ದ ಹೊತ್ತಿನಲ್ಲಿ ಅವರ ಫೋನಿಗೆ ಯಾರಿಂದ ಎಷ್ಟು ಸಂದೇಶ ಬಂದಿವೆ ಎಂದು ಒಟ್ಟಿಗೆ ಕುಳಿತು ನೋಡಿ. ಇಂಥ ಉದ್ಯೋಗಗಳಲ್ಲಿ ನಾನು ನೋಡಿದಂತೆ ಹೆಚ್ಚಿನವು ‘ಎಲ್ಲಿದ್ದೀಯಾ’, ‘ಎಷ್ಟೊತ್ತಿಗೆ ಬರ್ತೀಯ’, ‘ಬರುವಾಗ ಇದೊಂದು ತಗೊಂಡು ಬಾ’ ಎಂಬ ಮಾತುಗಳಾಗಿರುತ್ತವೆ, ಮತ್ತು ಕಳಿಸಿದವರು ಮಾಲೀಕರು, ಮಂಡಿಯವರು, ಗಿರಾಕಿಗಳು ಅಥವಾ ಮನೆಯವರು. ಉತ್ತರ ತಡವಾದರೆ ಬೈಗುಳ ಕೇಳಬೇಕಾದ ಚಾಲಕರು ಓಡುವ ಗಾಡಿಯಲ್ಲೇ ಉತ್ತರಿಸುತ್ತಾರೆ. ಕಳಿಸುವವರ ಪಾಲಿನ ಹೊಣೆಯನ್ನು ನ್ಯಾಯಾಲಯವೂ ಪರಿಗಣಿಸಿದ್ದುಂಟು: ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ, ಎದುರಿನವರು ಗಾಡಿ ಓಡಿಸುತ್ತಿದ್ದಾರೆ ಮತ್ತು ಸಂದೇಶವನ್ನು ಆಗಲೇ ಓದುತ್ತಾರೆ ಎಂದು ಗೊತ್ತಿದ್ದೂ ಕಳಿಸಿದರೆ ಕಳಿಸಿದವರೂ ಹೊಣೆಗಾರರಾಗಬಹುದು ಎಂಬ ತತ್ವವನ್ನು ಮುಂದಿಟ್ಟಿತು, ಆ ಪ್ರಕರಣದಲ್ಲಿ ಕಳಿಸಿದವರನ್ನು ಹೊಣೆ ಮಾಡದಿದ್ದರೂ. ನಮ್ಮ ಕಾನೂನಿನಲ್ಲಿ ಇರಲಿ ಇಲ್ಲದಿರಲಿ, ನಿಮ್ಮ ಗಾಡಿಗಳ ಮಟ್ಟಿಗೆ ಈ ತತ್ವವನ್ನು ನೀವೇ ಜಾರಿಗೆ ತರಬಹುದು.

ಹೇಗೆಂದರೆ, ಪ್ರತಿ ದಾರಿಗೂ ಫೋನ್ ನೋಡುವ ನಿಲುಗಡೆಗಳನ್ನು ಮೊದಲೇ ಗೊತ್ತುಮಾಡಿ. ಕೋಣಂದೂರಿನಿಂದ ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಪಿಕಪ್ ತೀರ್ಥಹಳ್ಳಿ ಪೇಟೆಯಲ್ಲಿ ಒಮ್ಮೆ, ಮಂಡಗದ್ದೆಯಲ್ಲಿ ಒಮ್ಮೆ, ಗಾಜನೂರಿನಲ್ಲಿ ಒಮ್ಮೆ ನಿಲ್ಲಲಿ. ರಿಪ್ಪನ್‌ಪೇಟೆ, ಆಯನೂರಿನ ಮೇಲೆ ಹೋಗುವುದಾದರೆ ಆ ಎರಡು ಪೇಟೆಗಳಲ್ಲಿ ನಿಲ್ಲಲಿ. ನಿಖರವಾದ ಜಾಗವನ್ನು ಚಾಲಕರೇ ಆರಿಸಬೇಕು: ನೆಟ್‌ವರ್ಕ್ ಸಿಗಬೇಕು, ಗಾಡಿ ಡಾಂಬರಿನಿಂದ ಪೂರ್ತಿ ಕೆಳಗಿಳಿಯುವಷ್ಟು ಅಗಲ ಇರಬೇಕು, ತಿರುವಿನಿಂದ ದೂರವಿರಬೇಕು. ಮಳೆಗಾಲದಲ್ಲಿ ರಸ್ತೆಯಂಚಿನ ಮಣ್ಣು ಕುಸಿಯುವ ಜಾಗಗಳು ಅವರಿಗೇ ಚೆನ್ನಾಗಿ ಗೊತ್ತು. ಪ್ರತಿ ನಿಲುಗಡೆಗೆ ಐದು ನಿಮಿಷ ಹಿಡಿಯುತ್ತದೆ ಎಂದುಕೊಂಡು ಆ ಹೊತ್ತನ್ನು ಟ್ರಿಪ್ಪಿನ ಸಮಯಕ್ಕೇ ಸೇರಿಸಿ, ಚಾಲಕರ ವಿರಾಮದಿಂದ ಕಡಿಯಬೇಡಿ. ಮಂಡಿಯವರಿಗೂ ಕಾಯಂ ಗಿರಾಕಿಗಳಿಗೂ ಈ ಸಮಯಗಳನ್ನು ತಿಳಿಸಿ, ನಡುವೆ ಏನಾದರೂ ಬೇಕಾದರೆ ನಿಮಗೇ ಫೋನ್ ಮಾಡಲು ಹೇಳಿ. ಗಾಡಿ ಎಲ್ಲಿದೆ ಎಂದು ತಿಳಿಯಲು ಹೊರಡುವ ಮೊದಲು ವಾಟ್ಸ್ಆ್ಯಪ್‌ನಲ್ಲಿ ಎಂಟು ಗಂಟೆಯ ಲೈವ್ ಲೊಕೇಶನ್ ಹಂಚಿಕೊಂಡರೆ ಸಾಕು, ಇಲ್ಲವೇ ಜಿಪಿಎಸ್ ಉಪಕರಣ ಅಳವಡಿಸಿ. ಕಣಿವೆಯಲ್ಲಿ ಅದು ಸ್ವಲ್ಪ ಹೊತ್ತು ಕಾಣದೆ ಹೋಗುತ್ತದೆ, ಆಗ ಗಾಬರಿಯಾಗಿ ಫೋನ್ ಮಾಡದಿರುವುದು ನಿಮ್ಮ ಪಾಲಿನ ನಿಯಮ.

ಅಡಿಕೆ ಧಾರಣೆಯ ಗುಂಪುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಗೂ ದಿನಕ್ಕೆ ಹಲವು ಸಲ ದರ ಬರುತ್ತಿರುತ್ತದೆ, ಹೇರು ಹೊತ್ತ ಚಾಲಕರಿಗೂ ಅದರಲ್ಲಿ ಸಹಜವಾದ ಆಸಕ್ತಿ ಇರುತ್ತದೆ. ಮಾರಾಟದ ತೀರ್ಮಾನ ಚಾಲಕರ ಕೈಯಲ್ಲಿಲ್ಲದಿರುವಾಗ ಆ ಗುಂಪುಗಳನ್ನು ಅವರ ಫೋನಿನಲ್ಲಿ ಮ್ಯೂಟ್ ಮಾಡಿಸಿ. ದರದಲ್ಲಿ ಬದಲಾವಣೆಯಾಗಿ ಗಾಡಿಯನ್ನು ಬೇರೆ ಮಂಡಿಗೆ ತಿರುಗಿಸಬೇಕಾದರೆ ಆ ಮಾತು ಮುಂದಿನ ನಿಲುಗಡೆಯಲ್ಲಿ ತಲುಪಿದರೂ ನಷ್ಟವಿಲ್ಲ.

ಇನ್ನು ಫೋನಿನೊಳಗಿನ ವ್ಯವಸ್ಥೆ. ಐಫೋನ್‌ಗಳಲ್ಲಿ 2017ರಿಂದಲೂ ಚಾಲನೆಯ ಹೊತ್ತಿನಲ್ಲಿ ಸೂಚನೆಗಳನ್ನು ತಡೆದು, ಕಳಿಸಿದವರಿಗೆ ‘ಗಾಡಿ ಓಡಿಸುತ್ತಿದ್ದೇನೆ’ ಎಂಬ ಉತ್ತರ ತಾನಾಗಿ ಹೋಗುವ ಸೌಲಭ್ಯವಿದೆ. ಗಾಡಿಯ ಬ್ಲೂಟೂತ್‌ಗೆ ಸೇರಿದೊಡನೆ ಅದು ತಾನೇ ಆರಂಭವಾಗುವಂತೆ ಇಡಬಹುದು. ಆಂಡ್ರಾಯ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದ್ದರೂ ‘ಡು ನಾಟ್ ಡಿಸ್ಟರ್ಬ್’ ಬಹುತೇಕ ಎಲ್ಲದರಲ್ಲೂ ಇದೆ. ಅದರಲ್ಲಿ ನಿಮ್ಮ ಸಂಖ್ಯೆ ಮತ್ತು ಚಾಲಕರ ಮನೆಯ ಒಂದು ಸಂಖ್ಯೆಗೆ ಮಾತ್ರ ವಿನಾಯಿತಿ ಕೊಡಿ, ಬೇರೆ ಸಂಖ್ಯೆಯಿಂದ ಬೆನ್ನುಬೆನ್ನಿಗೆ ಎರಡು ಸಲ ಕರೆ ಬಂದರೆ ಮಾತ್ರ ಗಂಟೆ ಬಾರಿಸುವಂತೆ ಇಡಿ. ಹುಷಾರಿಲ್ಲದ ತಾಯಿಯನ್ನೋ ತುಂಬು ಗರ್ಭಿಣಿ ಹೆಂಡತಿಯನ್ನೋ ಮನೆಯಲ್ಲಿ ಬಿಟ್ಟು ಬಂದವರಿಗೆ ಈ ವಿನಾಯಿತಿ ಇಲ್ಲದಿದ್ದರೆ ಅವರು ವ್ಯವಸ್ಥೆಯನ್ನೇ ಆಫ್ ಮಾಡುತ್ತಾರೆ, ಮಾಡುವುದು ನ್ಯಾಯವೂ ಹೌದು. ಗಾಡಿಯ ವೇಗ ನೋಡಿ ಫೋನಿಗೆ ಬೀಗ ಹಾಕುವ ಆ್ಯಪ್‌ಗಳ ದೊಡ್ಡ ದೋಷವೆಂದರೆ, ಫೋನ್ ಓಡಿಸುವವರದೋ ಪಕ್ಕದಲ್ಲಿ ಕುಳಿತವರದೋ ಎಂದು ಅವಕ್ಕೆ ಸುಲಭವಾಗಿ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕುಳಿತಾಗಲೂ ಬೀಗ ಬೀಳುತ್ತದೆಂದು ಜನ ಬೇಗನೆ ತೆಗೆದುಹಾಕುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ನಂಬುವುದು ಫೋನ್ ಇಡುವ ಜಾಗವನ್ನು. ಜೇಬಿನಲ್ಲೂ ತೊಡೆಯ ಮೇಲೂ ಡ್ಯಾಶ್‌ಬೋರ್ಡಿನ ಮೇಲೂ ಇರದೆ, ಚಾಲಕರ ಸೀಟಿನಿಂದ ಕೈಗೆ ಸಿಗದಂತೆ ಎದುರುಬದಿಯ ಖಾನೆಯಲ್ಲಿ ಮುಚ್ಚಿಡಲಿ. ದಾರಿ ಗೊತ್ತಿಲ್ಲದ ಊರಿಗೆ ಹೋಗುವಾಗ ಮಾತ್ರ, ಹೊರಡುವ ಮೊದಲೇ ಮ್ಯಾಪ್ ಹಾಕಿ, ಗಟ್ಟಿಯಾಗಿ ಕೂರುವ ಸ್ಟ್ಯಾಂಡಿನಲ್ಲಿ ಇಡಲಿ. ಕ್ಲೀನರ್ ಜೊತೆಗಿದ್ದರೆ ಫೋನ್ ಅವರ ಬಳಿಯಲ್ಲೇ ಇರಲಿ.

ಶಾಲಾ ವ್ಯಾನಿನ ವಿಷಯದಲ್ಲಿ ಯಾವ ವಿನಾಯಿತಿಯನ್ನೂ ಇಡಬೇಡಿ. ಮಕ್ಕಳ ಜೊತೆ ಇರುವ ಸಹಾಯಕರೇ ಫೋನ್ ಹಿಡಿಯಬೇಕು, ಪೋಷಕರ ಬಳಿ ಅವರ ಸಂಖ್ಯೆ ಮಾತ್ರ ಇರಬೇಕು, ಚಾಲಕರ ಫೋನ್ ಬೆಳಗಿನ ಮೊದಲ ಮಗು ಹತ್ತುವುದರಿಂದ ಕೊನೆಯ ಮಗು ಇಳಿಯುವವರೆಗೆ ಸ್ವಿಚ್ ಆಫ್ ಆಗಿರಬೇಕು. ‘ನಮ್ಮ ಮಗು ಇವತ್ತು ಬರುವುದಿಲ್ಲ’ ಎಂಬ ಸಂದೇಶವನ್ನು ವ್ಯಾನ್ ಹೊರಡುವ ಮೊದಲೇ ಕಳಿಸಬೇಕೆಂದು ಪೋಷಕರ ಸಭೆಯಲ್ಲಿ ಹೇಳಿ, ತಡವಾಗಿ ಬಂದದ್ದನ್ನು ಚಾಲಕರು ನೋಡಲಿಲ್ಲವೆಂದು ಯಾರೂ ದೂರುವಂತಿಲ್ಲ ಎಂಬುದನ್ನೂ ಸೇರಿಸಿ. ವ್ಯಾನಿನಲ್ಲಿ ಸಹಾಯಕರಿಲ್ಲದಿದ್ದರೆ ಅವರನ್ನು ನೇಮಿಸುವುದೇ ಮೊದಲ ಕೆಲಸ.

ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಚಾಲಕರ ಮುಂದೆ ಓದಿ, ಅವರ ಮಾತನ್ನೂ ಕೇಳಿ ತಿದ್ದಿ, ಎರಡೂ ಕಡೆಯವರು ಸಹಿ ಮಾಡಿ. ಅದರಲ್ಲಿ ಮೊದಲ ಸಾಲು, ಗಾಡಿ ಓಡುವಾಗ ಫೋನ್ ಎತ್ತದ ಕಾರಣಕ್ಕೆ ಚಾಲಕರನ್ನು ಮಾಲೀಕರು ಎಂದೂ ಪ್ರಶ್ನಿಸುವುದಿಲ್ಲ ಎಂದಿರಲಿ. ನಿಯಮ ಮುರಿದರೆ ಮೊದಲ ಸಲ ಎದುರು ಕೂರಿಸಿ ಮಾತಾಡಿ, ಎರಡನೇ ಸಲ ಸ್ವಲ್ಪ ದಿನ ಗಾಡಿ ಕೊಡಬೇಡಿ, ಮೂರನೇ ಸಲ ಕೆಲಸದಿಂದ ಬಿಡಿಸಿ. ಶಾಲಾ ವ್ಯಾನಿನಲ್ಲಾದರೆ ಮೊದಲ ಸಲವೇ ಸ್ಟೇರಿಂಗ್‌ನಿಂದ ಇಳಿಸಿ. ಸಂಬಳದಲ್ಲಿ ಹಣ ಮುರಿದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹಣ ಕೊಟ್ಟು ತಪ್ಪಿಗೆ ಲೆಕ್ಕ ತೀರಿತು ಎಂಬ ಭಾವನೆ ಬರುತ್ತದೆ, ಸಿಕ್ಕಿಬಿದ್ದದ್ದನ್ನು ಮುಚ್ಚಿಡುವ ಅಭ್ಯಾಸವೂ ಬೆಳೆಯುತ್ತದೆ. ಚಾಲಕರ ಕಡೆಗೆ ಮುಖ ಮಾಡಿದ ಕ್ಯಾಮೆರಾ ಇಡುವುದಾದರೆ ಅವರಿಗೆ ತಿಳಿಸಿಯೇ ಇಡಿ, ಗುಟ್ಟಾಗಿ ಇಟ್ಟರೆ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಮಗನ ವಿಷಯದಲ್ಲೂ ದಾರಿ ಇದೇ, ಅಪಾಯ ಮಾತ್ರ ಇನ್ನೂ ಹತ್ತಿರದ್ದು, ಏಕೆಂದರೆ ಬೈಕಿನಲ್ಲಿ ಒಂದು ಕೈ ಫೋನಿಗೆ ಹೋದರೆ ಗಾಡಿಯ ಸಮತೋಲವೇ ಹೋಗುತ್ತದೆ. ಹೆಲ್ಮೆಟ್ಟಿನ ಸಂದಿಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವುದು, ಗೋಪಿ ವೃತ್ತದಲ್ಲೋ ಅಮೀರ್ ಅಹಮದ್ ವೃತ್ತದಲ್ಲೋ ಕೆಂಪು ದೀಪಕ್ಕೆ ನಿಂತ ಅರೆ ನಿಮಿಷದಲ್ಲಿ ಸಂದೇಶ ಬರೆದು, ಹಸಿರು ಬಿದ್ದಾಗ ಅರ್ಧ ಮನಸ್ಸಿನಲ್ಲಿ ಹೊರಡುವುದು, ಇವೆರಡನ್ನೂ ಹೆಸರಿಟ್ಟೇ ಮಾತಾಡಿ. ಫೋನ್ ಪ್ಯಾಂಟಿನ ಜೇಬಿನಲ್ಲಿದ್ದರೆ ಅದರ ಕಂಪನ ತೊಡೆಗೆ ತಟ್ಟುತ್ತಲೇ ಇರುತ್ತದೆ, ಆದ್ದರಿಂದ ಬೆನ್ನಿನ ಬ್ಯಾಗಿನಲ್ಲಿ, ಸೈಲೆಂಟಿನಲ್ಲಿ ಇರಲಿ. ಹೊರಡುವಾಗ ‘ಹೊರಟೆ’, ತಲುಪಿದಾಗ ‘ತಲುಪಿದೆ’ ಎಂದು ಎರಡೇ ಸಂದೇಶ ಸಾಕು. ಅವೆರಡರ ನಡುವೆ ಮನೆಯಿಂದ ಯಾರೂ ಅವನಿಗೆ ಫೋನ್ ಮಾಡಬಾರದು, ತಡವಾಯಿತೆಂದು ತಾಯಿಗೆ ಆತಂಕವಾದರೂ. ತರಗತಿಯ ಗೆಳೆಯರಿಗೂ ಅವನು ಈ ಮಾತು ಹೇಳಿಡಲಿ, ಏಕೆಂದರೆ ಆ ವಯಸ್ಸಿನಲ್ಲಿ ಮನೆಯವರ ಸಂದೇಶಕ್ಕಿಂತ ಗೆಳೆಯರದಕ್ಕೆ ಕೈ ಬೇಗ ಹೋಗುತ್ತದೆ. ಅವನು ಪಕ್ಕದಲ್ಲಿ ಕುಳಿತು ನೀವು ಕಾರು ಓಡಿಸುವಾಗ ನಿಮ್ಮ ಫೋನ್ ಎಲ್ಲಿರುತ್ತದೆ ಎಂಬುದನ್ನು ಅವನು ನೋಡುತ್ತಿರುತ್ತಾನೆ. ಅದನ್ನು ಹೊರಡುವ ಮೊದಲು ಅವನ ಕೈಗೇ ಕೊಟ್ಟು, ಬಂದ ಕರೆಗೆ ಅವನೇ ಉತ್ತರಿಸುವಂತೆ ಮಾಡಿ.